ಮುಂಬೈಯ ಬಜೆಟ್ಟು, ಬೆಂಗಳೂರಿನ ಕಾರ್ಡು

ಪುಣೆಯ ಮಗರಪಟ್ಟಾದಲ್ಲಿ ಬಜೆಟ್ ಅಂದರೆ ಫೆಬ್ರುವರಿ 1. ಅವತ್ತು ಸಂಜೆ ಅದಿತಿ ಗಾರ್ಡನ್ನಿಗೆ ಅಡ್ಡಾಡಲು ಬರುವ ಐಟಿ ಮಂದಿಯ ಬಾಯಲ್ಲೆಲ್ಲ ಆದಾಯ ತೆರಿಗೆಯದೇ ಮಾತು. ಮಾರ್ಚಿನಲ್ಲಿ ಮುಂಬೈಯ ವಿಧಾನಭವನದಲ್ಲಿ ರಾಜ್ಯದ ಬಜೆಟ್ ಮಂಡನೆಯಾದಾಗ ಅದೇ ತೋಟದಲ್ಲಿ ಯಾರೂ ಅದರ ಸುದ್ದಿ ಎತ್ತುವುದಿಲ್ಲ. ಇವರ ಮಕ್ಕಳು ಕಟ್ಟುವ ಇಂಜಿನಿಯರಿಂಗ್ ಫೀಸು, ಅತ್ತೆಮಾವಂದಿರು ಮಲಗುವ ಆಸ್ಪತ್ರೆಯ ಹಾಸಿಗೆ, ಮನೆಗೆಲಸದವಳ ಗಂಡನಿಗೆ ಸಿಗುವ ಅಥವಾ ಸಿಗದ ಚಿಕಿತ್ಸೆ, ಇಷ್ಟೂ ಬಹುಪಾಲು ತೀರ್ಮಾನವಾಗುವುದು ಆ ಮಾರ್ಚಿನ ಬಜೆಟ್ಟಿನಲ್ಲಿ ಮತ್ತು ಅದೇ ಸಭಾಂಗಣದಲ್ಲಿ ಪಾಸಾಗುವ ಕಾಯ್ದೆಗಳಲ್ಲಿ.

ನಾನು ಮಗನ ಮನೆಗೆಂದು ಈ ಊರಿಗೆ ಬಂದವಳು. ಅದಕ್ಕೆ ಮೊದಲು ಕರ್ನಾಟಕದ ಸರ್ಕಾರಿ ವಿಶ್ವವಿದ್ಯಾಲಯವೊಂದರ ಹಣಕಾಸು ವಿಭಾಗದಲ್ಲಿ ನಿವೃತ್ತಿಯ ತನಕ ಲೆಕ್ಕ ಬರೆದೆ. ಹಾಗಾಗಿ ನನಗೆ ಮಾರ್ಚ್ ಬಂದರೆ ಎರಡು ಬಜೆಟ್ ಕೇಳುವ ಕೆಲಸ. 2025ರಲ್ಲಿ ಮಾರ್ಚ್ 7ರಂದು ಸಿದ್ದರಾಮಯ್ಯನವರು ಬೆಂಗಳೂರಿನಲ್ಲಿ 4,09,549 ಕೋಟಿ ರೂಪಾಯಿಯ ಆಯವ್ಯಯ ಮಂಡಿಸಿದರು. ಮೂರು ದಿನ ಬಿಟ್ಟು ಮುಂಬೈಯಲ್ಲಿ ಆಗಿನ ಹಣಕಾಸು ಸಚಿವ ಅಜಿತ್ ಪವಾರ್ ಸುಮಾರು 7 ಲಕ್ಷ ಕೋಟಿಯದನ್ನು ಮಂಡಿಸಿದರು. ಎರಡನ್ನೂ ಟಿವಿ ಮುಂದೆ ಕೂತು ಪೂರ್ತಿ ಕೇಳಿದೆ. "ಅತ್ತೆ, ರಿಟೈರ್ ಆದ ಮೇಲೂ ಇದ್ಯಾಕೆ?" ಎಂದು ಸೊಸೆ ಕೇಳಿದಳು. ನನ್ನ ಪಿಂಚಣಿ ಬೆಂಗಳೂರಿನ ಬಜೆಟ್ಟಿನಲ್ಲಿದೆ, ಮೊಮ್ಮಗಳ ಕಾಲೇಜು ಮುಂಬೈಯ ಬಜೆಟ್ಟಿನಲ್ಲಿದೆ ಎಂದೆ.

ಭಾಷಣ ಕೇಳಿದರೆ ಅರ್ಧ ಮಾತ್ರ ಗೊತ್ತಾಗುತ್ತದೆ. ಉಳಿದರ್ಧ ಇರುವುದು ಸದನದ ಮೇಜಿನ ಮೇಲೆ ಇಡುವ ದಪ್ಪ ಪುಸ್ತಕಗಳಲ್ಲಿ. ಅವುಗಳಲ್ಲಿ ಪ್ರತಿ ಬಾಬ್ತಿನ ಎದುರು ನಾಲ್ಕು ಕಾಲಂ ಇರುತ್ತವೆ: ಎರಡು ವರ್ಷದ ಹಿಂದೆ ನಿಜವಾಗಿ ಖರ್ಚಾದದ್ದು, ಈ ವರ್ಷಕ್ಕೆ ಮೊದಲು ಅಂದಾಜು ಮಾಡಿದ್ದು, ಅದನ್ನೇ ವರ್ಷದ ಕೊನೆಗೆ ಪರಿಷ್ಕರಿಸಿದ್ದು, ಮುಂದಿನ ವರ್ಷಕ್ಕೆ ಕೇಳುತ್ತಿರುವುದು. ಪತ್ರಿಕೆಗಳ ತಲೆಬರಹಕ್ಕೆ ಬರುವುದು ನಾಲ್ಕನೆಯ ಕಾಲಂ. ನಾವು ಲೆಕ್ಕದವರು ಮೊದಲು ನೋಡುತ್ತಿದ್ದದ್ದು ಒಂದನೆಯದನ್ನು. ಹತ್ತು ಕೋಟಿ ಎಂದು ಘೋಷಿಸಿದ ಬಾಬ್ತಿನಲ್ಲಿ ಎರಡು ವರ್ಷದ ನಂತರ ಆರು ಕೋಟಿ ಖರ್ಚಾದದ್ದು ಕಂಡರೆ, ಉಳಿದ ನಾಲ್ಕು ಎಲ್ಲಿ ನಿಂತಿತು ಎಂದು ಹುಡುಕಬೇಕು. ಶಾಸನಸಭೆ ಬೇಡಿಕೆಗಳಿಗೆ ಒಪ್ಪಿಗೆ ಕೊಟ್ಟು ಧನವಿನಿಯೋಗ ವಿಧೇಯಕ ಪಾಸು ಮಾಡಿದರೂ ದುಡ್ಡು ಕೈಗೆ ಬಂದಂತಲ್ಲ. ಆರ್ಥಿಕ ಇಲಾಖೆಯ ಸಹಮತಿ ಬೇಕು, ಬಿಡುಗಡೆಯ ಆದೇಶ ಬೇಕು, ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ಹೋಗಿರಬೇಕು, ಖಜಾನೆಯಲ್ಲಿ ಬಿಲ್ ಪಾಸಾಗಬೇಕು. ನಮ್ಮ ವಿಭಾಗದಲ್ಲಿ ಕೊನೆಯ ಕಂತು ಮಾರ್ಚ್ ಕೊನೆಯ ವಾರ ಬಂದು, ಅದನ್ನು 31ರೊಳಗೆ ಖರ್ಚು ತೋರಿಸಲಾಗದೆ ವಾಪಸು ಹೋದದ್ದನ್ನು ನೋಡಿದ್ದೇನೆ. ಪ್ರಯೋಗಾಲಯಕ್ಕೆ ಬರಬೇಕಿದ್ದ ಸಾಮಾನು ಆ ವರ್ಷ ಬರಲಿಲ್ಲ. ವಿದ್ಯಾರ್ಥಿಗಳು ಅದನ್ನು ವಿಭಾಗದ ಮುಖ್ಯಸ್ಥರ ಸೋಮಾರಿತನ ಎಂದುಕೊಂಡರು.

ಉಳಿತಾಯದ ಲೆಕ್ಕವೂ ಹೀಗೆಯೇ ನಡೆಯುತ್ತದೆ. ಒಬ್ಬ ಪ್ರಾಧ್ಯಾಪಕರು ನಿವೃತ್ತರಾದರೆ ಆ ಹುದ್ದೆ ಪುಸ್ತಕದಲ್ಲಿ ಮಂಜೂರಾದ ಹುದ್ದೆಯಾಗಿ ಉಳಿಯುತ್ತದೆ. ತುಂಬಲು ಆರ್ಥಿಕ ಇಲಾಖೆಯ ಅನುಮತಿ ಬರುವುದಿಲ್ಲ. ವರ್ಷ ವರ್ಷವೂ ಆ ಸಂಬಳ ಸರ್ಕಾರಕ್ಕೆ ಉಳಿಯುತ್ತದೆ, ಪಾಠ ಮಾಡಲು ಅತಿಥಿ ಉಪನ್ಯಾಸಕರು ಬರುತ್ತಾರೆ, ಅವರ ಗೌರವಧನವನ್ನು ಹೆಚ್ಚಾಗಿ ವಿಶ್ವವಿದ್ಯಾಲಯ ತನ್ನ ಆಂತರಿಕ ಸಂಪನ್ಮೂಲದಿಂದ ಕೊಡುತ್ತದೆ. ಆಂತರಿಕ ಸಂಪನ್ಮೂಲ ಅಂದರೆ ಪರೀಕ್ಷಾ ಶುಲ್ಕ, ಸಂಯೋಜನಾ ಶುಲ್ಕ, ಅಂಕಪಟ್ಟಿಯ ಶುಲ್ಕ. ಒಟ್ಟಿನಲ್ಲಿ ಬಜೆಟ್ಟಿನಲ್ಲಿ ತುಂಬದೆ ಬಿಟ್ಟ ಹುದ್ದೆಯ ಭಾರ ಹಳ್ಳಿಯ ಬಿ.ಎ. ಹುಡುಗಿಯ ಪರೀಕ್ಷಾ ಶುಲ್ಕದ ಮೇಲೆ ಬೀಳುತ್ತದೆ. ಪುಣೆಯಲ್ಲೂ ಕಥೆ ಬೇರೆಯಲ್ಲ. ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯ 2025ರ ಎನ್‌ಐಆರ್‌ಎಫ್ ಶ್ರೇಯಾಂಕದಲ್ಲಿ ಒಮ್ಮೆಲೇ ಬಹಳ ಕೆಳಗೆ ಜಾರಿದಾಗ, ಖಾಲಿ ಬಿದ್ದ ಅಧ್ಯಾಪಕ ಹುದ್ದೆಗಳೇ ಮುಖ್ಯ ಕಾರಣವೆಂದು ಇಲ್ಲಿ ಎಲ್ಲರೂ ಮಾತಾಡಿಕೊಂಡರು.

ಈ ವಿಶ್ವವಿದ್ಯಾಲಯಕ್ಕೂ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೂ ಇರುವ ನಂಟನ್ನು ಇಲ್ಲಿನ ಕನ್ನಡದ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ಎರಡನ್ನೂ ಹುಟ್ಟಿಸಿದ್ದು ಒಂದೇ ಶಾಸನಸಭೆ. ಆಗಿನ ಮುಂಬೈ ಸರ್ಕಾರ 1948ರಲ್ಲಿ ಪುಣೆಯ ಕಾಯ್ದೆ ಮಾಡಿತು, ಮರುವರ್ಷ ಕರ್ನಾಟಕ ವಿಶ್ವವಿದ್ಯಾಲಯದ ಕಾಯ್ದೆ. ಕರ್ನಾಟಕದ್ದು ಮೊದಲು ಕಣ್ಣು ಬಿಟ್ಟದ್ದು ಮುಂಬೈಯಲ್ಲೇ, ಧಾರವಾಡಕ್ಕೆ ಬಂದದ್ದು 1950ರಲ್ಲಿ. ಅಕ್ಕತಂಗಿಯರಂತಿದ್ದ ಇವೆರಡೂ ಆಮೇಲೆ ತುಂಡಾಗುತ್ತ ಬಂದವು. ಪುಣೆಯಿಂದ 1962ರಲ್ಲಿ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯ ಹೊರಬಂತು, 1990ರಲ್ಲಿ ಜಳಗಾಂವ್‌ನದು. ಧಾರವಾಡದಿಂದ 1980ರಲ್ಲಿ ಕಲಬುರಗಿ, 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ, 2022ರಲ್ಲಿ ಹಾವೇರಿ.

ಹೊಸ ವಿಶ್ವವಿದ್ಯಾಲಯ ಬಂತೆಂದರೆ ಜಿಲ್ಲೆಯ ಜನ ಹಬ್ಬ ಮಾಡುತ್ತಾರೆ. ಮಗಳು ದೂರ ಹೋಗಬೇಕಿಲ್ಲ ಎಂದು ತಾಯಿ ಸಂತೋಷಪಟ್ಟರೆ ಅದರಲ್ಲಿ ತಪ್ಪೇನೂ ಇಲ್ಲ, ನನಗೂ ಆ ಸಂತೋಷ ಅರ್ಥವಾಗುತ್ತದೆ. ಆದರೆ ಲೆಕ್ಕದ ಪುಸ್ತಕದಲ್ಲಿ ಅದು ಕೂಡುಕುಟುಂಬದ ಹಿಸ್ಸೆ ಆದಂತೆ. ಹೊಲ ಹಂಚಿಹೋಗುತ್ತದೆ, ವಯಸ್ಸಾದವರು ಮಾತ್ರ ಹಿರೇಮನೆಯಲ್ಲೇ ಉಳಿಯುತ್ತಾರೆ. ಕಾಲೇಜುಗಳ ಜೊತೆಗೆ ಸಂಯೋಜನಾ ಶುಲ್ಕ, ಪರೀಕ್ಷಾ ಶುಲ್ಕ ಹೊಸ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ. ಹಳೆಯ ನೌಕರರ ಪಿಂಚಣಿ ತಾಯಿ ವಿಶ್ವವಿದ್ಯಾಲಯದ ಹೆಗಲ ಮೇಲೆ ಉಳಿಯುತ್ತದೆ. ಸರ್ಕಾರ ಪಿಂಚಣಿಗೆ ಕೊಡುವ ಅನುದಾನ ಸಾಲದೆ ಬಂದಾಗ, ನಿಮ್ಮ ಆಂತರಿಕ ಸಂಪನ್ಮೂಲದಿಂದ ಭರಿಸಿಕೊಳ್ಳಿ ಎಂಬ ಪತ್ರ ಬರುತ್ತದೆ. ಆ ಸಂಪನ್ಮೂಲ ಹಿಸ್ಸೆಯಲ್ಲಿ ಹೋಗಿಬಿಟ್ಟಿದೆಯಲ್ಲ! ನಾನು ದುಡಿದ ವಿಶ್ವವಿದ್ಯಾಲಯದ ಹೆಸರು ಇಲ್ಲಿ ಬೇಡ. ನನ್ನ ಜೊತೆಯ ನಿವೃತ್ತರು ತಿಂಗಳ ಮೊದಲ ವಾರ ಕಳೆದರೂ ಪಿಂಚಣಿ ಜಮಾ ಆಯಿತೇ ಎಂದು ಒಬ್ಬರಿಗೊಬ್ಬರು ಫೋನ್ ಮಾಡಿ ಕೇಳುವ ಹಾಗಾಗಿದೆ. ಸಕ್ಕರೆ ಕಾಯಿಲೆಯ ಮಾತ್ರೆ ಕೊಳ್ಳುವುದು ಆ ದುಡ್ಡಿನಲ್ಲಿ.

2022ರಲ್ಲಿ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆಗೆ ತಿದ್ದುಪಡಿ ತಂದು ಬೀದರ್, ಕೊಪ್ಪಳ, ಹಾವೇರಿ, ಬಾಗಲಕೋಟೆ, ಹಾಸನ, ಕೊಡಗು, ಚಾಮರಾಜನಗರ ಹೀಗೆ ಏಳು ಹೊಸ ವಿಶ್ವವಿದ್ಯಾಲಯ ಮಾಡಿದರು. ಒಂದೊಂದಕ್ಕೂ ಆರಂಭಕ್ಕೆಂದು ಇಟ್ಟದ್ದು 2 ಕೋಟಿ ರೂಪಾಯಿ. ನಾನು ಕಾಗದದ ಮೇಲೆ ಕೂಡಿ ನೋಡಿದೆ. ಯುಜಿಸಿ ವೇತನಶ್ರೇಣಿಯಲ್ಲಿ ಸಹಾಯಕ ಪ್ರಾಧ್ಯಾಪಕರ ಮೂಲವೇತನ 57,700. ಭತ್ಯೆಗಳನ್ನು ಸೇರಿಸಿ ವರ್ಷಕ್ಕೆ ಹತ್ತಿರ ಹತ್ತಿರ 12 ಲಕ್ಷ ಹಿಡಿದರೆ ಆ 2 ಕೋಟಿ ಹದಿನಾರು ಜನರ ಸಂಬಳಕ್ಕೆ ಮುಗಿಯಿತು. ಕಟ್ಟಡ, ಗ್ರಂಥಾಲಯ, ಕರೆಂಟ್ ಬಿಲ್ಲು ಯಾವುದಕ್ಕೂ ಏನೂ ಉಳಿಯದು. ಕಾಯ್ದೆ ಮಾಡಿದ ದಿನವೇ ಇದು ಗೊತ್ತಿದ್ದ ಲೆಕ್ಕ. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಬೀದರ್ ಒಂದನ್ನು ಬಿಟ್ಟು ಉಳಿದ ಆರೂ ಸೇರಿದಂತೆ ಒಂಬತ್ತು ವಿಶ್ವವಿದ್ಯಾಲಯ ಮುಚ್ಚಬೇಕೆಂದು ಶಿಫಾರಸು ಮಾಡಿದಾಗ ಆ ಜಿಲ್ಲೆಗಳಲ್ಲಿ ಪ್ರತಿಭಟನೆ ಎದ್ದಿತು. ಮಾಡಿದ್ದು ಒಂದು ಪಕ್ಷದ ಸರ್ಕಾರ, ಮುಚ್ಚುವ ಮಾತೆತ್ತಿದ್ದು ಇನ್ನೊಂದು. ನನ್ನ ಸಿಟ್ಟು ಎರಡರ ಮೇಲೂ ಇದೆ. ಮಕ್ಕಳ ಪದವಿ ಪತ್ರದ ಮೇಲೆ ಅಚ್ಚಾಗುವ ಹೆಸರನ್ನು ಹೀಗೆ ಎರಡು ಮೂರು ವರ್ಷದಲ್ಲಿ ಕಟ್ಟಿ ಕೆಡವುವ ಮಾತಾಡಬಾರದು.

ಫೀಸಿನ ವಿಷಯಕ್ಕೆ ಬರುತ್ತೇನೆ. ಮಗರಪಟ್ಟಾದ ತಂದೆತಾಯಿಗಳಿಗೆ ಹೆಚ್ಚು ಸುಡುವುದು ಇದೇ.

ಖಾಸಗಿ ಕಾಲೇಜಿನ ಫೀಸನ್ನು ಸರ್ಕಾರ ಎಷ್ಟು ಹಿಡಿತದಲ್ಲಿಡಬಹುದು ಎಂಬ ಬಗ್ಗೆ ಇಡೀ ದೇಶಕ್ಕೆ ಇವತ್ತು ಅನ್ವಯವಾಗುವ ಕಾನೂನು ರೂಪುಗೊಂಡಿದ್ದು ಹೆಚ್ಚಾಗಿ ಕರ್ನಾಟಕ ಮತ್ತು ಪುಣೆಯ ಮೊಕದ್ದಮೆಗಳಿಂದ. ಕರ್ನಾಟಕ 1984ರಲ್ಲಿ ಕ್ಯಾಪಿಟೇಶನ್ ಶುಲ್ಕ ನಿಷೇಧದ ಕಾಯ್ದೆ ತಂದಿತು. ಅದರಡಿ 1989ರ ಜೂನ್‌ನಲ್ಲಿ ಹೊರಡಿಸಿದ ಅಧಿಸೂಚನೆಯಲ್ಲಿ ಖಾಸಗಿ ವೈದ್ಯಕೀಯ ಕಾಲೇಜಿಗೆ ವರ್ಷಕ್ಕೆ ಸರ್ಕಾರಿ ಸೀಟಿನವರಿಗೆ 2,000, ಕರ್ನಾಟಕದ ಉಳಿದವರಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿ ಎಂದು ಗೊತ್ತುಮಾಡಿತು. ತುಮಕೂರಿನ ಕಾಲೇಜಿಗೆ ಬಂದ ಉತ್ತರ ಪ್ರದೇಶದ ವಿದ್ಯಾರ್ಥಿನಿಯೊಬ್ಬರು ಈ 60,000ವನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ 1992ರ ಮೋಹಿನಿ ಜೈನ್ ಪ್ರಕರಣ. ಶಿಕ್ಷಣ ಪಡೆಯುವುದು ಬದುಕುವ ಹಕ್ಕಿನೊಳಗೇ ಬರುತ್ತದೆ ಎಂದು ಕೋರ್ಟು ಹೇಳಿತು, ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಅದನ್ನು ಹದಿನಾಲ್ಕು ವರ್ಷದೊಳಗಿನವರಿಗೆ ಸೀಮಿತಗೊಳಿಸಿತು. ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 2002ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಖಾಸಗಿ ಸಂಸ್ಥೆಗಳಿಗೆ ತಮ್ಮ ಫೀಸು ತಾವೇ ಗೊತ್ತುಮಾಡಿಕೊಳ್ಳುವ ಸ್ವಾತಂತ್ರ್ಯ ಕೊಟ್ಟಿತು, ಲಾಭಕೋರತನ ಕೂಡದೆಂದೂ ಹೇಳಿತು. 2005ರಲ್ಲಿ ಪುಣೆಯ ಪಿ.ಎ. ಇನಾಮದಾರರ ಪ್ರಕರಣ ಬಂತು. ಅನುದಾನ ಪಡೆಯದ ಕಾಲೇಜಿನ ಮೇಲೆ ಸರ್ಕಾರ ತನ್ನ ಸೀಟು ಹಂಚಿಕೆಯನ್ನು ಹೇರುವಂತಿಲ್ಲ ಎಂದಾಯಿತು.

ಕೋರ್ಟು ಬಿಟ್ಟ ಜಾಗವನ್ನು ಆಮೇಲೆ ಶಾಸನಸಭೆಗಳು ತುಂಬಿದವು. ಮಹಾರಾಷ್ಟ್ರದ 2015ರ ಕಾಯ್ದೆಯಿಂದ ಬಂದ ಶುಲ್ಕ ನಿಯಂತ್ರಣ ಪ್ರಾಧಿಕಾರ ಪ್ರತಿ ಅನುದಾನರಹಿತ ವೃತ್ತಿಪರ ಕಾಲೇಜಿನ ಖರ್ಚಿನ ಲೆಕ್ಕ ತರಿಸಿಕೊಂಡು ಫೀಸು ನಿಗದಿ ಮಾಡುತ್ತದೆ. ಆದರೆ ವಿಶ್ವವಿದ್ಯಾಲಯಕ್ಕೆ ಸಮಾನವೆಂದು ಕೇಂದ್ರದಿಂದ ಮಾನ್ಯತೆ ಪಡೆದ ಡೀಮ್ಡ್ ಸಂಸ್ಥೆಗಳು ಈ ಹಿಡಿತದ ಹೊರಗಿವೆ. ಪುಣೆಯಲ್ಲಿ ಅಂಥವು ಹಲವು. ಒಂದೇ ರಸ್ತೆಯ ಎರಡು ಕಾಲೇಜು, ಒಂದೇ ಕೋರ್ಸು, ಫೀಸಿನಲ್ಲಿ ಅಷ್ಟು ಅಂತರ ಯಾಕೆ ಎಂದು ನೆರೆಮನೆಯವರು ಕೇಳಿದಾಗ ನಾನು ಹೇಳಿದ್ದು ಇಷ್ಟೇ: ಪ್ರವೇಶ ಪಡೆಯುವ ಮುನ್ನ ಆ ಕಾಲೇಜು ಯಾವ ಕಾಯ್ದೆಯ ಕೆಳಗಿದೆ ಕೇಳಿ. ಪ್ರಾಧಿಕಾರದ ಕೆಳಗಿದ್ದರೆ ಮಂಜೂರಾದ ಫೀಸು ಎಷ್ಟೆಂದು ನೋಡಬಹುದು, ಹೆಚ್ಚು ಕೇಳಿದರೆ ದೂರು ಕೊಡಬಹುದು.

ಆ ನೆರೆಮನೆಯವರು ಹಾಗೆ ಕೇಳಿದ್ದು ತಮ್ಮ ಮಗಳಿಗಾಗಿ, ಅವಳ ವಿಷಯ ಇನ್ನೂ ಇದೆ. ಮಹಾರಾಷ್ಟ್ರ ಸರ್ಕಾರ 2024ರ ಜುಲೈನಲ್ಲಿ ಒಂದು ಒಳ್ಳೆಯ ಆದೇಶ ಮಾಡಿತು. ಕುಟುಂಬದ ಆದಾಯ 8 ಲಕ್ಷದೊಳಗಿರುವ, ಆರ್ಥಿಕವಾಗಿ ಹಿಂದುಳಿದ, ಸಾಮಾಜಿಕವಾಗಿ ಹಿಂದುಳಿದ ಮತ್ತು ಒಬಿಸಿ ವರ್ಗದ ಹುಡುಗಿಯರಿಗೆ ವೃತ್ತಿಪರ ಕೋರ್ಸಿನ ಬೋಧನಾ ಶುಲ್ಕ, ಪರೀಕ್ಷಾ ಶುಲ್ಕವನ್ನು ಮೊದಲಿದ್ದ ಅರ್ಧದ ಬದಲು ಪೂರ್ತಿ ಸರ್ಕಾರವೇ ಕೊಡುತ್ತದೆ. ಇದಕ್ಕೆ ಮಹಾರಾಷ್ಟ್ರದ ನಿವಾಸಿ ಎಂಬ ಡೊಮಿಸೈಲ್ ದಾಖಲೆ ಬೇಕು. ಈ ಹುಡುಗಿ ಹುಟ್ಟಿದ್ದು ತಾಯಿಯ ತವರು ಬಾಗಲಕೋಟೆಯಲ್ಲಿ, ಓದಿದ್ದೆಲ್ಲ ಇಲ್ಲೇ ಪುಣೆಯ ಹಡಪ್ಸರ್‌ನಲ್ಲಿ. ತಂದೆತಾಯಿ ವರ್ಷಾನುಗಟ್ಟಲೆಯ ಬಾಡಿಗೆ ಕರಾರು, ಶಾಲೆಯ ದಾಖಲೆಗಳನ್ನು ಹಿಡಿದು ತಹಶೀಲ್ದಾರರ ಕಚೇರಿಗೆ ಅಲೆದು ಅಂತೂ ದಾಖಲೆ ಮಾಡಿಸಿದರು. ಇತ್ತ ಕರ್ನಾಟಕದ ಸಿಇಟಿಯಲ್ಲಿ ಹೊರನಾಡ ಕನ್ನಡಿಗರಿಗೂ ಗಡಿನಾಡ ಕನ್ನಡಿಗರಿಗೂ ಅವಕಾಶವಿದೆ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ, ಗಡಹಿಂಗ್ಲಜ ತಾಲ್ಲೂಕುಗಳಲ್ಲಿ ಓದಿದ ಕನ್ನಡದ ಮಕ್ಕಳು ಗಡಿನಾಡ ಪಟ್ಟಿಯಲ್ಲಿ ಬರುತ್ತಾರೆ. ಇವರೆಲ್ಲ 50 ಅಂಕಗಳ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಪುಣೆಯಲ್ಲಿ ಎಷ್ಟೋ ಮನೆಗಳಿಗೆ ಈ ಬಾಗಿಲು ಇದೆಯೆಂಬುದೇ ಗೊತ್ತಿಲ್ಲ. ಗೊತ್ತಾಗುವ ಹೊತ್ತಿಗೆ ಮಗು ಕನ್ನಡ ಓದಲು ಮರೆತಿರುತ್ತದೆ. ಎರಂಡವಣೆಯಲ್ಲಿ ಪುಣೆಯ ಕನ್ನಡ ಸಂಘ ಡಾ. ಶಾಮರಾವ್ ಕಲ್ಮಾಡಿ ಅವರ ಹೆಸರಿನ ಶಾಲೆ ನಡೆಸುತ್ತಿದೆ. ಅಲ್ಲಿ ಕನ್ನಡ ಕಲಿತ ಮಕ್ಕಳಿಗೆ ಈ ಬಾಗಿಲು ಸುಲಭವಾಗಿ ತೆರೆದೀತು.

ಇನ್ನು ಆಸ್ಪತ್ರೆ. ಇದನ್ನು ಬರೆಯಲೆಂದೇ ಇಷ್ಟೆಲ್ಲ ಹೇಳಿದೆ.

ಈ ಮಗರಪಟ್ಟಾ ಮೊದಲು ಕಬ್ಬಿನ ಹೊಲ. ಮಗರ ಮನೆತನದ ಸುಮಾರು 120 ರೈತ ಕುಟುಂಬಗಳು 400 ಎಕರೆಗೂ ಮಿಕ್ಕ ನೆಲವನ್ನು ಯಾರಿಗೂ ಮಾರದೆ ಒಟ್ಟುಗೂಡಿಸಿ ತಾವೇ ಪಾಲುದಾರರಾಗಿ ಈ ಊರು ಕಟ್ಟಿದರು. ಇಲ್ಲಿನ ಕಂಪನಿಗಳ ನೌಕರರಿಗೆ ವಿಮೆ ಇದೆ, ಕಾರ್ಡು ತೋರಿಸಿದರೆ ಆಸ್ಪತ್ರೆಯ ಬಾಗಿಲು ತೆರೆಯುತ್ತದೆ. ಗೇಟಿನ ಹೊರಗೆ ಸೊಲ್ಲಾಪುರ ರಸ್ತೆ. ವಿಜಯಪುರ, ಕಲಬುರಗಿ ಕಡೆಯಿಂದ ಬರುವ ಬಸ್ಸುಗಳು ಹಡಪ್ಸರ್ ದಾಟಿಯೇ ಪುಣೆ ಸೇರುವುದು. ಅವುಗಳಲ್ಲಿ ಬಂದ ಕನ್ನಡದ ಜನ ಇಲ್ಲಿ ಗಾರೆ ಕೆಲಸ, ಮನೆಗೆಲಸ, ತರಕಾರಿ ವ್ಯಾಪಾರ ಮಾಡಿಕೊಂಡಿದ್ದಾರೆ. ನಮ್ಮ ಮನೆಗೆ ಬರುವವಳು ಇಂಡಿ ತಾಲ್ಲೂಕಿನ ಹೆಣ್ಣುಮಗಳು. ಗಂಡ ಹಡಪ್ಸರ್ ಮಂಡಿಯಿಂದ ತರಕಾರಿ ತಂದು ಗಾಡಿಯಲ್ಲಿ ಮಾರುತ್ತಾನೆ.

ಒಂದು ದಿನ ಬೆಳಗಿನ ಜಾವ ಅವಳ ಫೋನ್ ಬಂತು. "ಅಮ್ಮಾರ, ಅವರಿಗೆ ಎದಿ ನೂಸಾಕತ್ತೈತ್ರಿ. ದವಾಖಾನಿಯಾಗ ಮೊದಲ ರೊಕ್ಕ ಕಟ್ರಿ ಅನ್ನಾಕತ್ತಾರ." ನಾನೂ ಮಗನೂ ಹೋದೆವು. ಆ ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ಹೃದಯದ ರಕ್ತನಾಳ ಕಟ್ಟಿದೆ, ಸ್ಟೆಂಟ್ ಹಾಕಬೇಕು ಎಂದರು. ಅವಳು ಸೆರಗಿನಿಂದ ಪ್ಲಾಸ್ಟಿಕ್ ಕವರು ತೆಗೆದು ನನ್ನ ಕೈಗಿಟ್ಟಳು. ಒಳಗೆ ಕರ್ನಾಟಕದ ಬಿಪಿಎಲ್ ಕಾರ್ಡು. "ಇದರಾಗ ಐದ ಲಕ್ಷ ಐತಿ ಅಂತ ಊರಾಗ ಹೇಳ್ಯಾರ್ರೀ."

ಹೇಳಿದ್ದು ಸುಳ್ಳಲ್ಲ. 2018ರಲ್ಲಿ ಶುರುವಾದ ಆರೋಗ್ಯ ಕರ್ನಾಟಕ ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತದ ಜೊತೆ ಕೂಡಿಕೊಂಡು ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ಭರವಸೆ ಕೊಡುತ್ತದೆ. ಮಹಾರಾಷ್ಟ್ರದಲ್ಲೂ 2012ರಲ್ಲಿ ರಾಜೀವ್ ಗಾಂಧಿ ಜೀವನದಾಯಿ ಎಂಬ ಹೆಸರಿನಲ್ಲಿ ಹುಟ್ಟಿ 2017ರಲ್ಲಿ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಾದ ವ್ಯವಸ್ಥೆ ಇದೆ. ಅದರ ಮಿತಿಯನ್ನು ಒಂದೂವರೆ ಲಕ್ಷದಿಂದ 5 ಲಕ್ಷಕ್ಕೆ ಏರಿಸಿದ್ದಾರೆ. ಆದರೆ ಫುಲೆ ಯೋಜನೆಗೆ ಮಹಾರಾಷ್ಟ್ರದ ರೇಷನ್ ಕಾರ್ಡೋ ಡೊಮಿಸೈಲ್ ದಾಖಲೆಯೋ ಬೇಕು. ಎರಡೂ ಅವಳ ಬಳಿ ಇರಲಿಲ್ಲ. ಆಯುಷ್ಮಾನ್ ಭಾರತದ ಚಿಕಿತ್ಸೆ ದೇಶದಲ್ಲೆಲ್ಲ ಸಿಗುತ್ತದೆ, ಅದು ಮುಖ್ಯವಾಗಿ 2011ರ ಸಾಮಾಜಿಕ-ಆರ್ಥಿಕ ಗಣತಿಯ ಪಟ್ಟಿಯಲ್ಲಿ ಹೆಸರಿದ್ದವರಿಗೆ. ಆ ಗಣತಿಯ ಹೊತ್ತಿನಲ್ಲಿ ಇವರ ಮನೆಮಂದಿಯೆಲ್ಲ ಕಬ್ಬು ಕಡಿಯಲು ಹೊರಗೆ ಹೋಗಿದ್ದರು. ಪಟ್ಟಿಯ ಹೊರಗಿದ್ದ ಬಿಪಿಎಲ್ ಕುಟುಂಬಗಳನ್ನು ಕರ್ನಾಟಕ ತನ್ನ ಸ್ವಂತ ದುಡ್ಡಿನಿಂದ ಸೇರಿಸಿಕೊಂಡಿತು. ಅದು ಬೆಂಗಳೂರಿನ ಬಜೆಟ್ಟಿನ ದುಡ್ಡು, ಆ ದುಡ್ಡಿನ ಕಾರ್ಡು ಪುಣೆಯ ಈ ಆಸ್ಪತ್ರೆಯಲ್ಲಿ ನಡೆಯಲಿಲ್ಲ. ಅವಳ ಕೈಲಿದ್ದದ್ದು ಆ ಕಾರ್ಡು.

ಕೊನೆಗೆ ಕೈಹಿಡಿದದ್ದು ಒಂದು ಹಳೆಯ ಕಾಯ್ದೆ. ಈಗ ಮಹಾರಾಷ್ಟ್ರ ಸಾರ್ವಜನಿಕ ಟ್ರಸ್ಟುಗಳ ಕಾಯ್ದೆ ಎನ್ನುವ, 1950ರ ಮುಂಬೈ ಸಾರ್ವಜನಿಕ ಟ್ರಸ್ಟುಗಳ ಕಾಯ್ದೆ. ಅದರ 41ಎಎ ಕಲಮಿನ ಪ್ರಕಾರ ಧರ್ಮಾರ್ಥ ಟ್ರಸ್ಟುಗಳು ನಡೆಸುವ ದೊಡ್ಡ ಆಸ್ಪತ್ರೆಗಳು ಶೇ. 10ರಷ್ಟು ಹಾಸಿಗೆಯನ್ನು ನಿರ್ಗತಿಕರಿಗೆ ಉಚಿತವಾಗಿ, ಇನ್ನು ಶೇ. 10ರಷ್ಟನ್ನು ಬಡವರಿಗೆ ರಿಯಾಯಿತಿಯಲ್ಲಿ ಕೊಡಬೇಕು. ಕಲಮು ಎಷ್ಟೋ ವರ್ಷ ಬರೀ ಕಾಗದದ ಮೇಲಿತ್ತು. 2006ರಲ್ಲಿ ಬಾಂಬೆ ಹೈಕೋರ್ಟು ಇದಕ್ಕೊಂದು ಯೋಜನೆ ಮಂಜೂರು ಮಾಡಿ, ಆಸ್ಪತ್ರೆಗಳು ತಮ್ಮ ಒಟ್ಟು ಬಿಲ್ಲಿಂಗಿನ ಶೇ. 2ರಷ್ಟನ್ನು ಬಡರೋಗಿಗಳ ನಿಧಿಗೆ ಹಾಕಬೇಕೆಂದು ಹೇಳಿದ ಮೇಲೆ ಅದಕ್ಕೆ ಜೀವ ಬಂತು. ತುರ್ತು ಸ್ಥಿತಿಯಲ್ಲಿ ಬಂದ ಬಡರೋಗಿಯಿಂದ ಠೇವಣಿ ಕೇಳುವಂತಿಲ್ಲ. ಆದಾಯದ ಮಿತಿ ಆಗಾಗ ಬದಲಾಗುತ್ತದೆ. ನಾವು ಹೋದಾಗ ಉಚಿತಕ್ಕೆ ವರ್ಷಕ್ಕೆ 1,80,000, ರಿಯಾಯಿತಿಗೆ 3,60,000 ಇತ್ತು. ಗಂಡಹೆಂಡತಿ ಇಬ್ಬರೂ ದುಡಿಯುವುದರಿಂದ ಇವರು ಎರಡನೆಯ ಸಾಲಿಗೆ ಬಂದರು.

ಅಂಥ ಪ್ರತಿ ಆಸ್ಪತ್ರೆಯಲ್ಲೂ ವೈದ್ಯಕೀಯ ಸಮಾಜಸೇವಕರು ಎಂಬ ಹುದ್ದೆಯವರು ಕೂತಿರುತ್ತಾರೆ. ರಿಸೆಪ್ಷನ್ನಿನವರು ಅವರ ಹೆಸರು ಎತ್ತಲಿಲ್ಲ, ನಾನೇ ಕೇಳಿಕೊಂಡು ಹೋದೆ. ಸ್ಟೆಂಟ್ ಆ ಹೊತ್ತಿಗೇ ಹಾಕಿದರು, ಅದನ್ನು ಹೇಳಲೇಬೇಕು. ಕಾಗದಪತ್ರ ಆಮೇಲೆ ಶುರುವಾಯಿತು. ಕನ್ನಡದ ರೇಷನ್ ಕಾರ್ಡನ್ನು ನಾನು ಸಾಲುಸಾಲಾಗಿ ಓದಿ ಹೇಳಿದೆ, ಅವರು ಮರಾಠಿಯಲ್ಲಿ ಬರೆದುಕೊಂಡರು. ತಹಶೀಲ್ದಾರರ ಆದಾಯ ಪತ್ರ ತಂದ ಮೇಲೆ ಬಿಲ್ಲು ಅರ್ಧಕ್ಕಿಳಿಯಿತು. ಉಳಿದದ್ದನ್ನು ನಮ್ಮ ಬಿಲ್ಡಿಂಗಿನ ನಾಲ್ಕಾರು ಮನೆಯವರು ಸೇರಿ ಕೊಟ್ಟೆವು. ಅವಳು ಈಗ ಅದನ್ನು ತಿಂಗಳಿಗಿಷ್ಟು ಎಂದು ತೀರಿಸುತ್ತೇನೆ ಅನ್ನುತ್ತಾಳೆ. ಬೇಡವೆಂದರೂ ಕೇಳುವುದಿಲ್ಲ.

ಕಲಮನ್ನು ಶಾಸನಸಭೆ ಬರೆದು, ಅದನ್ನು ಜಾರಿ ಮಾಡುವ ನಿಯಮಕ್ಕೂ ದುಡ್ಡಿಗೂ ವರ್ಷಗಟ್ಟಲೆ ಕಾಯಬೇಕಾಗಿ ಬಂದದ್ದು ಇಲ್ಲಿ ಮಾತ್ರವಲ್ಲ. ರಾಜಸ್ಥಾನ 2023ರ ಮಾರ್ಚಿನಲ್ಲಿ ದೇಶದಲ್ಲೇ ಮೊದಲ ಆರೋಗ್ಯ ಹಕ್ಕಿನ ಕಾಯ್ದೆ ಪಾಸು ಮಾಡಿತು. ಖಾಸಗಿ ವೈದ್ಯರು ಬೀದಿಗಿಳಿದರು, ಸರ್ಕಾರ ಬದಲಾಯಿತು, ನಿಯಮಗಳು ಹೊರಬರಲೇ ಇಲ್ಲ, ಕಾಯ್ದೆ ಹಾಗೇ ಕೂತಿತು. ಕರ್ನಾಟಕದಲ್ಲಿ 2017ರ ನವೆಂಬರ್ ನೆನಪಿರುವವರಿಗೆ ಇದು ಹೊಸದಲ್ಲ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ಆರೋಗ್ಯ ಸಚಿವ ರಮೇಶ್ ಕುಮಾರ್ ತಿದ್ದುಪಡಿ ತರಹೊರಟಾಗ ರಾಜ್ಯದಲ್ಲೆಲ್ಲ ಖಾಸಗಿ ಆಸ್ಪತ್ರೆ ಬಾಗಿಲು ಹಾಕಿದವು, ವೈದ್ಯರು ಬೆಳಗಾವಿ ಅಧಿವೇಶನದ ಮುಂದೆ ಕೂತರು. ತಿದ್ದುಪಡಿ ಸಾಕಷ್ಟು ಮೆತ್ತಗಾಗಿಯೇ ಪಾಸಾಯಿತು. ಆದರೂ ಅದರಲ್ಲಿ ಉಳಿದ ಒಂದೆರಡು ಮಾತು ದೊಡ್ಡವು: ತುರ್ತು ಚಿಕಿತ್ಸೆಗೆ ಮುಂಗಡ ಕೇಳಬಾರದು, ಬಿಲ್ಲು ಬಾಕಿಯಿದೆ ಎಂದು ಶವ ಹಿಡಿದಿಟ್ಟುಕೊಳ್ಳಬಾರದು. ಮಹಾರಾಷ್ಟ್ರದಲ್ಲಿ ಈ ಕೆಲಸ 1949ರ ನರ್ಸಿಂಗ್ ಹೋಮ್ ನೋಂದಣಿ ಕಾಯ್ದೆಗೆ 2021ರಲ್ಲಿ ತಂದ ಹೊಸ ನಿಯಮಗಳಿಂದ ಆಯಿತು. ರೋಗಿಯ ಹಕ್ಕುಗಳ ಫಲಕ, ದರಪಟ್ಟಿ ಎದುರಿಗೇ ತೂಗುಹಾಕಬೇಕು. ನೀವು ಪುಣೆಯಲ್ಲಿ ಯಾವುದೇ ಖಾಸಗಿ ಆಸ್ಪತ್ರೆಗೆ ಹೋದರೂ ಆ ಫಲಕ ಎಲ್ಲಿದೆ ಎಂದು ಕೇಳಿ ಓದಿಕೊಳ್ಳಿ.

ಈ ಎರಡು ರಾಜ್ಯಗಳು ಆರೋಗ್ಯ ವಿಮೆಯ ವಿಷಯದಲ್ಲಿ ಒಮ್ಮೆ ಜೋರಾಗಿ ಜಗಳವಾಡಿವೆ. ಬೆಳಗಾವಿ, ಕಾರವಾರ, ಬೀದರ್ ಕಡೆಯ 865 ಹಳ್ಳಿಪಟ್ಟಣ ತನಗೆ ಸೇರಬೇಕೆಂದು ಮಹಾರಾಷ್ಟ್ರ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ. ಆ ಊರುಗಳ ಜನರಿಗೂ ಫುಲೆ ಯೋಜನೆ ಕೊಡುತ್ತೇವೆಂದು 2023ರ ಮಾರ್ಚಿನಲ್ಲಿ ತೀರ್ಮಾನಿಸಿತು. ಕರ್ನಾಟಕದ ಆಗಿನ ಮುಖ್ಯಮಂತ್ರಿ ಬೊಮ್ಮಾಯಿಯವರು ಕೆಂಡವಾದರು. 2024ರ ಜನವರಿಯಲ್ಲಿ ನೋಂದಣಿ ಕೇಂದ್ರಗಳ ಕೆಲಸ ಶುರುವಾದಾಗ ಸಿದ್ದರಾಮಯ್ಯನವರೂ ವಿರೋಧಿಸಿದರು. ಗಡಿಯ ಹಕ್ಕುಬಾಧ್ಯತೆಯನ್ನು ಕೋರ್ಟು ನೋಡಿಕೊಳ್ಳಲಿ. ನಾನು ಕನ್ನಡದವಳು, ಬೆಳಗಾವಿಯ ಬಗ್ಗೆ ನನ್ನ ನಿಲುವು ಏನೆಂದು ಹೇಳಬೇಕಾಗಿಲ್ಲ. ಆದರೆ ಈ ಸುದ್ದಿ ಓದಿದಾಗಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ರಾಜ್ಯದ ಬಜೆಟ್ಟಿನ ದುಡ್ಡು ಗಡಿ ದಾಟಿ ಇನ್ನೊಂದು ರಾಜ್ಯದಲ್ಲಿ ಕೂತವರ ಚಿಕಿತ್ಸೆಗೆ ಹೋಗಬಹುದು ಎಂದು ಮುಂಬೈ ಆದೇಶ ಬರೆಯಬಲ್ಲದಾದರೆ, ಹಡಪ್ಸರ್‌ನಲ್ಲಿ ತರಕಾರಿ ಮಾರುವ ಇಂಡಿಯವನಿಗೂ ಆ ದಾರಿ ಯಾಕೆ ಇರಬಾರದು? ಬೆಂಗಳೂರು ತನ್ನ ಕಾರ್ಡಿನ ಬಿಲ್ಲನ್ನು ಪುಣೆಯ ಆಸ್ಪತ್ರೆಗೆ ಯಾಕೆ ಕಟ್ಟಬಾರದು? ಮಿರಜಿನ ದವಾಖಾನೆಗಳಿಗೆ ಅಥಣಿ, ಚಿಕ್ಕೋಡಿಯವರು ತಲೆತಲಾಂತರದಿಂದ ಹೋಗುತ್ತಿದ್ದಾರೆ. ಜತ್ತದ ಕನ್ನಡಿಗರು ವಿಜಯಪುರಕ್ಕೆ ಬರುತ್ತಾರೆ. ಜನ ಓಡಾಡುವ ದಾರಿ ಹಳೆಯದು.

ರೇಷನ್ ಅಕ್ಕಿಗೆ ಇದು ಆಗಿಹೋಗಿದೆ. ಒಂದು ದೇಶ ಒಂದು ರೇಷನ್ ಕಾರ್ಡ್ ವ್ಯವಸ್ಥೆಗೆ 2020ರಲ್ಲೇ ಕರ್ನಾಟಕವೂ ಮಹಾರಾಷ್ಟ್ರವೂ ಸೇರಿವೆ. ಅದೇ ಇಂಡಿಯ ಕಾರ್ಡು, ಅದೇ ಬೆರಳಚ್ಚು, ಹಡಪ್ಸರ್‌ನ ನ್ಯಾಯಬೆಲೆ ಅಂಗಡಿಯಲ್ಲಿ ಧಾನ್ಯ ಸಿಗುತ್ತದೆ. ಕಾರ್ಡಿನ ಹಿಂದಿನ ಗಣಕ ವ್ಯವಸ್ಥೆ ಇಬ್ಬರಿಗೂ ಗೊತ್ತಿದೆ, ಕುಟುಂಬದ ಗುರುತು ಗೊತ್ತಿದೆ. ಬಾಕಿಯಿರುವುದು ಎರಡು ಸರ್ಕಾರಗಳ ನಡುವೆ ಒಂದು ಒಪ್ಪಂದ, ಎರಡೂ ಬಜೆಟ್ಟಿನಲ್ಲಿ ಒಂದೊಂದು ಬಾಬ್ತು. ರಾಜ್ಯಗಳು ತಮ್ಮ ಬಜೆಟ್ಟಿನ ಶೇ. 8ಕ್ಕಿಂತ ಹೆಚ್ಚನ್ನು 2020ರೊಳಗೆ ಆರೋಗ್ಯಕ್ಕೆ ಇಡಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿತ್ತು. ಆ ಗುರಿ ಎರಡೂ ಕಡೆ ತಲುಪಿಲ್ಲ. ಹಾಗಿರುವಾಗ ಹೊಸ ಬಾಬ್ತಿಗೆ ದುಡ್ಡೆಲ್ಲಿ ಎಂದು ಆರ್ಥಿಕ ಇಲಾಖೆ ಕೇಳುತ್ತದೆ, ನನಗೆ ಆ ಇಲಾಖೆಯ ಮಾತು ಗೊತ್ತು. ಆದರೆ ಇದೇನೂ ಹೊಸ ಫಲಾನುಭವಿ ಅಲ್ಲ. ಈ ಕುಟುಂಬ ಊರಲ್ಲಿದ್ದಿದ್ದರೆ ವಿಜಯಪುರದಲ್ಲಿ ಇದೇ ಸ್ಟೆಂಟಿಗೆ ಕರ್ನಾಟಕವೇ ದುಡ್ಡು ಕೊಡುತ್ತಿತ್ತು.

ಇಲ್ಲಿಯ ಕನ್ನಡದ ಒಂದಷ್ಟು ಮನೆಯವರು ಸೇರಿ ಈಗ ಇಂಥ ಒಪ್ಪಂದ ಕೇಳಿ ಅರ್ಜಿ ಬರೆಯುತ್ತಿದ್ದೇವೆ. ಕರಡು ನನ್ನದು. ಒಂದು ಪ್ರತಿ ಆರೋಗ್ಯ ಕರ್ನಾಟಕ ನಡೆಸುವ ಬೆಂಗಳೂರಿನ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೆ, ಇನ್ನೊಂದು ಫುಲೆ ಯೋಜನೆ ನಡೆಸುವ ಮುಂಬೈಯ ರಾಜ್ಯ ಆರೋಗ್ಯ ಹಮಿ ಸೊಸೈಟಿಗೆ, ಇಂಡಿಯ ಶಾಸಕರಿಗೊಂದು, ಹಡಪ್ಸರ್ ಶಾಸಕರಿಗೊಂದು. ಮಾರ್ಚಿಗೆ ಕಳಿಸೋಣ ಎಂದು ಯಾರೋ ಅಂದರು. ಮಾರ್ಚಿಗೆ ಪುಸ್ತಕ ಅಚ್ಚಾಗಿರುತ್ತದೆ ಎಂದೆ. ಇಲಾಖೆಗಳು ಮುಂದಿನ ವರ್ಷದ ಅಂದಾಜು ಬರೆಯಲು ಕೂರುವುದು ಅಕ್ಟೋಬರ್, ನವೆಂಬರಿನಲ್ಲಿ. ಡಿಸೆಂಬರಿನಲ್ಲಿ ಒಂದು ಸದನ ನಾಗಪುರದಲ್ಲಿ, ಇನ್ನೊಂದು ಬೆಳಗಾವಿಯಲ್ಲಿ ಸೇರಿ ಪೂರಕ ಅಂದಾಜು ಮಂಡಿಸುತ್ತವೆ. ದಸರೆಯೊಳಗೆ ಸಹಿ ಮುಗಿಸಬೇಕೆಂದು ಗೊತ್ತುಮಾಡಿದ್ದೇವೆ. ಸೊಲ್ಲಾಪುರ ರಸ್ತೆಯ ಆಚೆಯ ವಸತಿಗಳಲ್ಲಿ ಸಹಿ ಮಾಡಿಸುವ ಕೆಲಸವನ್ನು ನಮ್ಮ ಮನೆಗೆ ಬರುವ ಆ ಹೆಣ್ಣುಮಗಳೇ ವಹಿಸಿಕೊಂಡಿದ್ದಾಳೆ. ಸಹಿ ಬಾರದವರ ಹೆಬ್ಬೆಟ್ಟಿಗೆಂದು ನಿನ್ನೆ ಇಂಕ್ ಪ್ಯಾಡ್ ಕೇಳಿ ತೆಗೆದುಕೊಂಡು ಹೋದಳು.